ಐದು ವಾಕ್ಯದ ಪತ್ರ, ಇಪ್ಪತ್ತು ಸಾವಿರ ಪಾಠ

ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಹೊರಬಿದ್ದ ಮೇಲೆ ವೈದ್ಯರಿಗೆ ಪಾಠ ಹೇಳುವವರು ಯಾರು? ರೋಗಿಗಳು ಸಾಮಾನ್ಯವಾಗಿ ಕೇಳದ ಪ್ರಶ್ನೆ ಇದು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಔಷಧದ ಅಂಗಡಿಗೆ ಒಯ್ಯುವಾಗ, ಅದರ ಹಿಂದಿನ ತಿಳಿವಳಿಕೆ ಮೂವತ್ತು ವರ್ಷ ಹಳೆಯ ಪಠ್ಯಪುಸ್ತಕದ್ದೋ, ಕಳೆದ ತಿಂಗಳ ವಿಚಾರಗೋಷ್ಠಿಯದ್ದೋ, ಇಲ್ಲ ಮೊನ್ನೆ ಚೀಲ ಹಿಡಿದು ಬಂದಿದ್ದ ಔಷಧ ಕಂಪೆನಿಯ ಪ್ರತಿನಿಧಿಯದ್ದೋ ಎಂದು ಯಾರೂ ವಿಚಾರಿಸುವುದಿಲ್ಲ. ಅಫೀಮು ಜಾತಿಯ ಔಷಧಗಳ ಚರಿತ್ರೆಯನ್ನು ತೆರೆದು ನೋಡಿದರೆ ಈ ಪ್ರಶ್ನೆ ಎಷ್ಟು ದುಬಾರಿಯದೆಂದು ತಿಳಿಯುತ್ತದೆ.

ಗಸಗಸೆ ನಮಗೆ ಅಪರಿಚಿತವಲ್ಲ. ಹಬ್ಬದ ದಿನ ಗಸಗಸೆ ಪಾಯಸ ಉಂಡು ಗಡದ್ದಾಗಿ ನಿದ್ದೆ ಹೋದವರು ಅದನ್ನು ಗಸಗಸೆಯ ಮಹಿಮೆ ಎನ್ನುವುದುಂಟು. (ಜೊತೆಗೆ ಉಂಡ ಹೋಳಿಗೆಯ ಮಹಿಮೆ ಇದ್ದರೂ ಇರಬಹುದು.) ಅಫೀಮು ಇರುವುದು ಬೀಜದಲ್ಲಲ್ಲ, ಕಾಯಿ ಒಣಗುವ ಮೊದಲು ಅದನ್ನು ಗೀರಿದಾಗ ಒಸರುವ ಹಾಲಿನಲ್ಲಿ. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ, ಔಷಧದ ಅಂಗಡಿಯಲ್ಲಿ ಸಹಾಯಕನಾಗಿದ್ದವನು, ಆ ಹಾಲಿನ ಸತ್ವವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿನಿಂದ ಅದು ಮಾರ್ಫಿನ್ ಆಯಿತು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಎಂಬ ವೈದ್ಯ ಚರ್ಮದಡಿಗೆ ಔಷಧ ಸೇರಿಸುವ ಸೂಜಿಯನ್ನು ಬಳಕೆಗೆ ತಂದ. ಅಫೀಮು ತಿಂದರೆ ಚಟ ಹತ್ತುತ್ತದೆ, ಆದರೆ ಹೊಟ್ಟೆಗೆ ಹೋಗದೆ ಸೂಜಿಯಿಂದ ಸೇರಿದರೆ ಹತ್ತುವುದಿಲ್ಲ ಎಂದು ಆ ಕಾಲದ ಅನೇಕ ವೈದ್ಯರು ನಂಬಿದರು. ಅದು ಹಾಗಲ್ಲವೆಂದು 1870ರಲ್ಲಿಯೇ ಕ್ಲಿಫರ್ಡ್ ಆಲ್ಬಟ್ ಎಂಬ ಇಂಗ್ಲಿಷ್ ವೈದ್ಯ ಎಚ್ಚರಿಸಿ ಬರೆದ. ಆ ಎಚ್ಚರಿಕೆ ಬಹಳ ದೂರ ಹೋಗಲಿಲ್ಲ. ಆ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಮಾರ್ಫಿನ್ ವ್ಯಸನಿಗಳೆಂದರೆ ಗಲ್ಲಿಯ ಪುಂಡರಲ್ಲ. ಹೆಚ್ಚಿನವರು ಮಧ್ಯಮ ವರ್ಗದ ಗೃಹಿಣಿಯರು, ತಮ್ಮ ಮನೆ ವೈದ್ಯರ ಕೈಯಿಂದಲೇ ಚಟ ಅಂಟಿಸಿಕೊಂಡವರು.

1898ರಲ್ಲಿ ಬೇಯರ್ ಕಂಪೆನಿ ಕೆಮ್ಮಿನ ಔಷಧವೆಂದು ಹೆರಾಯಿನ್ ಮಾರಾಟಕ್ಕೆ ತಂದಾಗ ಇದೇ ಕಥೆ ಮರುಕಳಿಸಿತು. ಇದು ಮಾರ್ಫಿನ್‌ನಂತೆ ಚಟ ಹತ್ತಿಸದು ಎಂಬ ಭರವಸೆ ಅದರ ಬೆನ್ನಿಗಿತ್ತು. ಹೊಸ ಸೂಜಿಗೆ ದೊರೆತ ಭರವಸೆಯೇ ಹೊಸ ಪುಡಿಗೂ ದೊರೆಯಿತು. ಮುಂದೆ ಹೊಸ ಮಾತ್ರೆಗೂ ದೊರೆಯಲಿತ್ತು.

ಮಿತಿಮೀರಿದ ಉದಾರತೆಯ ಹಿಂದೆಯೇ ಮಿತಿಮೀರಿದ ಭಯ ಬಂತು. ಅಮೆರಿಕದ ಸಂಸತ್ತು 1914ರಲ್ಲಿ ಹ್ಯಾರಿಸನ್ ಕಾಯಿದೆ ಮಾಡಿತು. ವ್ಯಸನಿಗೆ ಚಟ ನಿಭಾಯಿಸಲೆಂದೇ ಮಾರ್ಫಿನ್ ಬರೆದುಕೊಡುವುದು ವೈದ್ಯವೃತ್ತಿಯಲ್ಲ ಎಂದು 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ವೈದ್ಯರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು, ವ್ಯಸನಿಗಳಿಗೆಂದು ತೆರೆದಿದ್ದ ಚಿಕಿತ್ಸಾಲಯಗಳು ಒಂದೊಂದಾಗಿ ಮುಚ್ಚಿದವು. ವ್ಯಸನವೆಂಬುದು ಪೊಲೀಸರ ವಿಷಯವಾಯಿತು, ವೈದ್ಯಕೀಯ ಪಠ್ಯದಿಂದ ಹೆಚ್ಚುಕಡಿಮೆ ಹೊರಟೇ ಹೋಯಿತು. ಅದೇ ಕಾಲದಲ್ಲಿ ಇಂಗ್ಲೆಂಡು ಬೇರೆ ದಾರಿ ಹಿಡಿದದ್ದು ಗಮನಾರ್ಹ. ಅಲ್ಲಿನ ರೋಲ್‌ಸ್ಟನ್ ಸಮಿತಿ 1926ರಲ್ಲಿ ವ್ಯಸನ ಒಂದು ಕಾಯಿಲೆಯೆಂದೂ, ಬಿಡಿಸಲಾಗದ ರೋಗಿಗೆ ವೈದ್ಯರು ಅಲ್ಪ ಪ್ರಮಾಣದಲ್ಲಿ ಔಷಧ ಕೊಡುತ್ತ ಹೋಗಬಹುದೆಂದೂ ಹೇಳಿತು. ಅಮೆರಿಕದಲ್ಲಿ ಆ ಮಾತು ಮತ್ತೆ ಕೇಳಿಸಲು 1965ರವರೆಗೆ ಕಾಯಬೇಕಾಯಿತು. ಮೇರಿ ನಿಸ್ವಾಂಡರ್ ಎಂಬ ಮನೋವೈದ್ಯೆ ವ್ಯಸನಿಯನ್ನು ರೋಗಿಯೆಂದು ಕಾಣಬೇಕೆಂದು 1956ರಲ್ಲಿ ಪುಸ್ತಕವನ್ನೇ ಬರೆದಿದ್ದರು. ಅದನ್ನು ಓದಿದ ವಿನ್ಸೆಂಟ್ ಡೋಲ್ ಆಕೆಯನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಕರೆಸಿಕೊಂಡರು. ಮೆಥಡೋನ್ ಎಂಬ ಔಷಧವನ್ನು ದಿನಾ ನಿಯಮಿತವಾಗಿ ಕೊಟ್ಟರೆ ಹೆರಾಯಿನ್ ವ್ಯಸನಿ ಕೆಲಸಕ್ಕೆ ಹೋಗಬಲ್ಲ, ಸಂಸಾರ ಮಾಡಬಲ್ಲ ಎಂದು ಅವರಿಬ್ಬರೂ ತೋರಿಸಿದರು.

ಇನ್ನೊಂದು ಕಡೆ ನೋವಿನ ಪ್ರಶ್ನೆ ಇತ್ತು. ಚಟದ ಭಯದಿಂದ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಕೊಡದೆ ನರಳಿಸುವುದು ವಾಡಿಕೆಯಾಗಿತ್ತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವನ್ನು ಹೊತ್ತುಹೊತ್ತಿಗೆ ಮಾರ್ಫಿನ್ ಕೊಟ್ಟು ತಗ್ಗಿಸುವ ಕ್ರಮವನ್ನು ವೈದ್ಯರಿಗೆ ಕಲಿಸಿದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಚಿಕಿತ್ಸಾಕ್ರಮವನ್ನು ಪ್ರಕಟಿಸಿತು. ಇದು ನ್ಯಾಯವಾದ ಬೇಡಿಕೆ. ಮುಂದಿನ ಅನಾಹುತ ಈ ನ್ಯಾಯವಾದ ಬೇಡಿಕೆಯ ಹೆಗಲೇರಿಯೇ ಬಂತು.

ಆ ಅನಾಹುತದಲ್ಲಿ ಒಂದು ಪುಟ್ಟ ಪತ್ರದ ಪಾತ್ರ ಸೋಜಿಗದ್ದು. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯ ಸಂಪಾದಕರಿಗೆ ಬಂದ ಪತ್ರಗಳ ಅಂಕಣದಲ್ಲಿ ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷಲ್ ಜಿಕ್ ಅವರ ಐದು ವಾಕ್ಯಗಳ ಪತ್ರವೊಂದು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದ ರೋಗಿಗಳ ದಾಖಲೆ ಪರಿಶೀಲಿಸಿದಾಗ, ಅಫೀಮು ಜಾತಿಯ ಔಷಧ ಒಮ್ಮೆಯಾದರೂ ಪಡೆದ 11,882 ಮಂದಿಯ ಪೈಕಿ, ಮೊದಲು ಚಟವಿಲ್ಲದವರಲ್ಲಿ ವ್ಯಸನ ಹತ್ತಿದ ಪ್ರಕರಣ ನಾಲ್ಕೇ ಕಂಡವು ಎಂಬುದು ಅದರ ಸಾರ. ಅವರೆಲ್ಲ ಒಳರೋಗಿಗಳು, ಔಷಧ ಕೊಟ್ಟದ್ದು ಆಸ್ಪತ್ರೆಯವರ ಕಣ್ಣೆದುರಿಗೆ. ಮನೆಗೆ ಹೋದ ಮೇಲೆ ಏನಾಯಿತೆಂದಾಗಲಿ, ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಏನಾದೀತೆಂದಾಗಲಿ ಆ ಪತ್ರ ಹೇಳುವುದಿಲ್ಲ, ಹೇಳುತ್ತೇನೆಂದೂ ಹೊರಟಿಲ್ಲ.

ಆದರೆ ನಮ್ಮಲ್ಲಿ ಗಾಳಿಮಾತು ಬಾಯಿಂದ ಬಾಯಿಗೆ ಬೆಳೆಯುವಂತೆ ವಿದ್ವತ್ ಪತ್ರಿಕೆಗಳಲ್ಲಿ ಉಲ್ಲೇಖಗಳೂ ಬೆಳೆಯುತ್ತವೆ. ಒಬ್ಬರು ಉಲ್ಲೇಖಿಸಿದ್ದನ್ನು ನೋಡಿ ಇನ್ನೊಬ್ಬರು, ಮೂಲ ಓದದೆಯೇ. 2017ರಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಹಾಕಿದಾಗ ಈ ಪತ್ರ 608 ಸಲ ಉಲ್ಲೇಖವಾಗಿತ್ತು. ಅವುಗಳಲ್ಲಿ 439 ಬರಹಗಳು ಇದನ್ನು ಚಟ ಅಪರೂಪವೆಂಬುದಕ್ಕೆ ಸಾಕ್ಷಿಯಾಗಿ ಬಳಸಿಕೊಂಡಿದ್ದವು. 491 ಬರಹಗಳಲ್ಲಿ ಅವರು ಒಳರೋಗಿಗಳೆಂಬ ಮಾತೇ ಇರಲಿಲ್ಲ. ಪತ್ರ ಅಚ್ಚಾಗಿ 37 ವರ್ಷದ ಮೇಲೆ ಪತ್ರಿಕೆ ಅದರ ತಲೆಯ ಮೇಲೊಂದು ಎಚ್ಚರಿಕೆಯ ಟಿಪ್ಪಣಿ ಅಂಟಿಸಿತು. ತಮ್ಮ ಪತ್ರ ಹೀಗೆ ಬಳಕೆಯಾದದ್ದಕ್ಕೆ ಜಿಕ್ ಅವರೂ ಬಹಿರಂಗವಾಗಿ ನೊಂದುಕೊಂಡರು.

ಪತ್ರಕ್ಕೆ ಇಷ್ಟು ಪ್ರಚಾರ ತಾನಾಗಿ ಬಂದದ್ದಲ್ಲ. ಪರ್ಡ್ಯೂ ಎಂಬ ಕಂಪೆನಿ 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಆಕ್ಸಿಕೊಡೋನ್ ಎಂಬ ಅಫೀಮು ಜಾತಿಯ ಔಷಧ ಇದರಿಂದ ಹನ್ನೆರಡು ಗಂಟೆ ಕಾಲ ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತದೆ. ಹೀಗೆ ನಿಧಾನವಾಗಿ ರಕ್ತಕ್ಕಿಳಿಯುವುದರಿಂದ ದುರ್ಬಳಕೆ ಕಡಿಮೆಯೆಂದು ನಂಬಲಾಗಿದೆ ಎಂದು ಸರಕಾರ ಒಪ್ಪಿದ ಲೇಬಲ್ಲಿನ ಮೇಲೆಯೇ ಬರೆದಿತ್ತು. ಯಾರು ನಂಬಿದ್ದರು, ಯಾವ ಪರೀಕ್ಷೆಯಿಂದ ನಂಬಿದ್ದರು ಎಂದು ಕೇಳಿದವರು ಕಡಿಮೆ. ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿದರೆ ಹನ್ನೆರಡು ಗಂಟೆಯ ಔಷಧವೆಲ್ಲ ಒಮ್ಮೆಗೇ ಸಿಗುತ್ತದೆಂಬುದು ವ್ಯಸನಿಗಳಿಗೆ ಬಹುಬೇಗ ತಿಳಿಯಿತು.

ಕಂಪೆನಿ ಮಾರಿದ್ದು ಮಾತ್ರೆಯನ್ನಷ್ಟೇ ಅಲ್ಲ, ಪಾಠವನ್ನೂ. 1996ರಿಂದ 2001ರವರೆಗೆ ಫ್ಲಾರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾಗಳ ವಿಹಾರಧಾಮಗಳಲ್ಲಿ ನಲವತ್ತಕ್ಕೂ ಹೆಚ್ಚು ಸಮ್ಮೇಳನಗಳು ನಡೆದವು. ಐದು ಸಾವಿರಕ್ಕೂ ಹೆಚ್ಚು ವೈದ್ಯರು, ದಾದಿಯರು, ಔಷಧತಜ್ಞರು ಕಂಪೆನಿಯ ಖರ್ಚಿನಲ್ಲಿ ಹೋಗಿ ಬಂದರು. ಅಮೆರಿಕದ ಸರಕಾರಿ ಲೆಕ್ಕಪತ್ರ ಕಚೇರಿ 2003ರಲ್ಲಿ ಕೊಟ್ಟ ವರದಿಯ ಪ್ರಕಾರ, 1996ರಿಂದ 2002ರ ಜುಲೈವರೆಗೆ ಕಂಪೆನಿ ನೇರವಾಗಿಯೋ ಅನುದಾನ ಕೊಟ್ಟೋ ನಡೆಸಿದ ನೋವಿನ ಕುರಿತ ಶೈಕ್ಷಣಿಕ ಕಾರ್ಯಕ್ರಮಗಳು 20,000ಕ್ಕೂ ಮೇಲ್ಪಟ್ಟವು. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆಯ ನೋವು ಶಿಕ್ಷಣಕ್ಕೂ ಹಣ ಕೊಟ್ಟವರಲ್ಲಿ ಇದೇ ಕಂಪೆನಿ ಇತ್ತು. ನಾಡಿ, ಉಸಿರು, ಜ್ವರ, ರಕ್ತದೊತ್ತಡಗಳ ಜೊತೆ ನೋವನ್ನೂ ಐದನೆಯ ಜೀವಚಿಹ್ನೆಯೆಂದು ಅಳೆಯಬೇಕೆಂಬ ಮಾತು ಆಗ ಎಲ್ಲೆಡೆ ಕೇಳಿಬರುತ್ತಿತ್ತು. ಬೆನ್ನುನೋವು, ಕೀಲುನೋವಿಗೂ ಧಾರಾಳವಾಗಿ ಬರೆಯಿರಿ, ಚಟದ ಅಪಾಯ ಶೇಕಡ ಒಂದಕ್ಕಿಂತ ಕಡಿಮೆ ಎಂದು ಪ್ರತಿನಿಧಿಗಳು ಹೇಳಿಕೊಡುತ್ತಿದ್ದರು. 1996ರಲ್ಲಿ 4.8 ಕೋಟಿ ಡಾಲರ್ ಇದ್ದ ಮಾರಾಟ 2000ದಲ್ಲಿ ನೂರು ಕೋಟಿ ದಾಟಿತು. 2007ರಲ್ಲಿ, ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ ಆರೋಪವನ್ನು ಕಂಪೆನಿಯ ಅಂಗಸಂಸ್ಥೆ ಮತ್ತು ಮೂವರು ಅಧಿಕಾರಿಗಳು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ದಂಡ, ಪರಿಹಾರಗಳೆಲ್ಲ ಸೇರಿ 63 ಕೋಟಿ ಡಾಲರಿಗೂ ಹೆಚ್ಚು. ಆ ಹೊತ್ತಿಗೆ ಪಾಠ ವೈದ್ಯರ ತಲೆಯಲ್ಲಿ ಊರಿಯಾಗಿತ್ತು. ಮಾತ್ರೆಯಿಂದ ಹೆರಾಯಿನ್, ಹೆರಾಯಿನ್‌ನಿಂದ ಫೆಂಟನಿಲ್ ಎಂದು ಪಿಡುಗು ಬೆಳೆಯಿತು. ಮಾದಕ ವಸ್ತುಗಳ ಅತಿಸೇವನೆಯಿಂದ ಅಮೆರಿಕದಲ್ಲಿ 2021ರೊಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಸತ್ತರು. 2024ರಲ್ಲಿ ಆ ಸಂಖ್ಯೆ ಸುಮಾರು 80 ಸಾವಿರಕ್ಕೆ ಇಳಿಯಿತು.

ಪಾಠದಿಂದ ಕೆಟ್ಟದ್ದನ್ನು ಪಾಠದಿಂದಲೇ ಸರಿಪಡಿಸುವ ಯತ್ನ 2012ರಲ್ಲಿ ಶುರುವಾಯಿತು. ಔಷಧ ಕಂಪೆನಿಗಳೇ ಹಣ ಕೊಡಬೇಕು, ಆದರೆ ಪಠ್ಯದ ಚೌಕಟ್ಟು ಸರಕಾರದ್ದು, ಬೋಧನೆ ಮಾನ್ಯತೆ ಪಡೆದ ಸಂಸ್ಥೆಗಳದ್ದು ಎಂಬ ಏರ್ಪಾಡು ಬಂತು. ಕಂಪೆನಿಗಳಿಗೆ ಕಡ್ಡಾಯ, ಆದರೆ ವೈದ್ಯರಿಗೆ ಐಚ್ಛಿಕ! 2018ರಲ್ಲಿ ಇದು ದಾದಿಯರಿಗೂ ಔಷಧತಜ್ಞರಿಗೂ ವಿಸ್ತರಿಸಿತು. ಇದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಚಟ ಬಿಡಿಸಲು ನೆರವಾಗುವ ಬ್ಯೂಪ್ರೆನಾರ್ಫಿನ್ ಬರೆಯಲು 2000ದ ಕಾನೂನಿನಂತೆ ವೈದ್ಯರು ಎಂಟು ಗಂಟೆ ತರಬೇತಿ ಪಡೆದು ವಿಶೇಷ ಅನುಮತಿ ಪಡೆಯಬೇಕಿತ್ತು. ಚಟ ಹತ್ತಿಸುವ ನೋವಿನ ಮಾತ್ರೆ ಬರೆಯಲು ಆ ಕೇಂದ್ರ ಕಾನೂನಿನಲ್ಲಿ ಒಂದು ಗಂಟೆಯ ತರಬೇತಿಯೂ ಬೇಡ. ಬೆಂಕಿಕಡ್ಡಿ ಯಾರಾದರೂ ಗೀರಬಹುದು, ನೀರಿನ ಕೊಡ ಎತ್ತಲು ಮಾತ್ರ ಪರವಾನಗಿ ಬೇಕು ಎಂದಂತಾಯಿತು. 2022ರ ಡಿಸೆಂಬರಿನಲ್ಲಿ ಆ ವಿಶೇಷ ಅನುಮತಿ ರದ್ದಾಯಿತು. 2023ರ ಜೂನ್ 27ರಿಂದ, ನಿಯಂತ್ರಿತ ಔಷಧ ಬರೆಯಲು ನೋಂದಾಯಿಸುವ ಹೆಚ್ಚುಕಡಿಮೆ ಎಲ್ಲರೂ (ಪಶುವೈದ್ಯರ ಹೊರತು) ವ್ಯಸನ ಚಿಕಿತ್ಸೆಯ ಕುರಿತು ಒಮ್ಮೆ ಎಂಟು ಗಂಟೆ ಕಲಿತಿರಬೇಕು.

ನಮ್ಮ ದೇಶದ ಕಥೆ ಇದಕ್ಕೆ ತದ್ವಿರುದ್ಧ. ಗಾಜಿಪುರದ ಸರಕಾರಿ ಕಾರ್ಖಾನೆಯಲ್ಲಿ 19ನೆಯ ಶತಮಾನದಿಂದ ಅಫೀಮು ತಯಾರಾಗುತ್ತಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಗಸಗಸೆ ಬೆಳೆಯುತ್ತಾರೆ. ಹೊರದೇಶಗಳ ಔಷಧಕ್ಕೆ ನಮ್ಮ ಅಫೀಮು ಹೋಗಿದೆ. ಆದರೆ 1985ರ ಎನ್‌ಡಿಪಿಎಸ್ ಕಾಯಿದೆಯ ಕಠಿಣ ಶಿಕ್ಷೆಗೂ, ಇಲಾಖೆಯಿಂದ ಇಲಾಖೆಗೆ ಅಲೆಸುವ ಪರವಾನಗಿಗಳಿಗೂ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಹನ್ನೆರಡು ಹದಿಮೂರು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇಕಡ 90ಕ್ಕೂ ಹೆಚ್ಚು ಕುಸಿಯಿತು. ಆಸ್ಪತ್ರೆಯಲ್ಲೇ ಇಲ್ಲದ ಔಷಧವನ್ನು ವಿದ್ಯಾರ್ಥಿಗೆ ತೋರಿಸುವುದು ಹೇಗೆ? ಒಂದಿಡೀ ತಲೆಮಾರಿನ ವೈದ್ಯರು ಮಾರ್ಫಿನ್ ಮಾತ್ರೆ ಬರೆಯಲು ಕಲಿಯದೆಯೇ ಪದವಿ ಪಡೆದರು. ಅದರ ಬೆಲೆ ತೆತ್ತವರು ಕ್ಯಾನ್ಸರಿನ ಕೊನೆಯ ಹಂತದಲ್ಲಿ ಮನೆಯ ಮೂಲೆಯಲ್ಲಿ ನರಳಿದವರು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಗೆಳೆಯರು ಉಪಶಮನ ಚಿಕಿತ್ಸೆಯ ಕೆಲಸ ಆರಂಭಿಸಿದರು. ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯ ತೆರೆಯಿತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾರ್ಫಿನ್‌ನಂಥ ಅವಶ್ಯಕ ಔಷಧಗಳಿಗೆ ದೇಶವಿಡೀ ಒಂದೇ ನಿಯಮವೆಂದಾಯಿತು.

ಇತ್ತ ಚಟದ ಸಮಸ್ಯೆಯೂ ನಮ್ಮಲ್ಲಿ ಸಣ್ಣದಲ್ಲ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಫೀಮು ಜಾತಿಯ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ, ನೆರವು ಬೇಕಾದವರು ಸುಮಾರು 77 ಲಕ್ಷ. ಇವರನ್ನು ನೋಡಿಕೊಳ್ಳಲು ಮನೋವೈದ್ಯರೊಬ್ಬರಿಂದ ಸಾಧ್ಯವಿಲ್ಲ. ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರೇ ಕಲಿಯಬೇಕು. 2002ರ ವೈದ್ಯಕೀಯ ಮಂಡಳಿ ನಿಯಮದಲ್ಲಿ ಐದು ವರ್ಷಕ್ಕೆ 30 ಗಂಟೆ ಮುಂದುವರಿಕೆ ಶಿಕ್ಷಣ ಪಡೆಯಬೇಕೆಂದಿದೆ. ಯಾವ ವಿಷಯದಲ್ಲಿ ಎಂದಿಲ್ಲ. ಮೂವತ್ತು ಗಂಟೆಯನ್ನೂ ಸಕ್ಕರೆ ಕಾಯಿಲೆಯ ಗೋಷ್ಠಿಗಳಲ್ಲೇ ಮುಗಿಸಬಹುದು.

ಬೆಂಗಳೂರಿನ ನಿಮ್ಹಾನ್ಸ್ ಇಲ್ಲೊಂದು ಕೆಲಸ ಮಾಡುತ್ತಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಭಾರತ ಮೂಲದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಯಕೃತ್ತಿನ ಕಾಯಿಲೆಗೆಂದು ಆರಂಭಿಸಿದ ಎಕೋ ಎಂಬ ಬೋಧನಾ ಕ್ರಮವನ್ನು ಅದು ವ್ಯಸನ ಚಿಕಿತ್ಸೆಗೂ ಅಳವಡಿಸಿಕೊಂಡಿದೆ. ದೂರದ ಜಿಲ್ಲೆಗಳ ವೈದ್ಯರು ತಮ್ಮ ಊರಿನಲ್ಲೇ ಕುಳಿತು ವಿಡಿಯೋ ಮೂಲಕ ಸೇರುತ್ತಾರೆ. ಉಪನ್ಯಾಸ ಚಿಕ್ಕದು. ಅದಾದ ಮೇಲೆ ಅವರಲ್ಲೊಬ್ಬರು ತಮ್ಮದೇ ರೋಗಿಯ ವೃತ್ತಾಂತವನ್ನು, ಹೆಸರು ಹೇಳದೆ, ಎಲ್ಲರ ಮುಂದಿಡುತ್ತಾರೆ. ಉಳಿದವರು ಪ್ರಶ್ನೆ ಕೇಳುತ್ತಾರೆ, ತಜ್ಞರು ಕೊನೆಯಲ್ಲಿ ಬಾಯಿ ತೆರೆಯುತ್ತಾರೆ.