ತಂತಿಯ ಮೇಲೆ ಹರಿದ ಹಳ್ಳಿಯ ಧ್ವನಿ

ಬೂದಿಕೋಟೆ ಎಂದರೆ ಹೈದರಾಲಿಯ ಜನ್ಮಸ್ಥಳವೆಂದು ಹೇಳುವವರೇ ಹೆಚ್ಚು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಈ ಗ್ರಾಮ ನಮ್ಮ ಕೃಷ್ಣಗಿರಿ ಜಿಲ್ಲೆಯ ಗಡಿಗೆ ದೂರವೇನಲ್ಲ. ಅಂತರಜಾಲವು ಪಟ್ಟಣಿಗರ ಸೊತ್ತಾಗಿದ್ದ ಕಾಲದಲ್ಲಿ ಅದರ ತಿಳಿವಳಿಕೆ ಅಕ್ಷರ ಬಾರದ ಹೆಂಗಸರ ಕಿವಿಗೂ ತಲುಪಿದ್ದು ಇದೇ ಊರಿನಲ್ಲಿ. ಆ ಇತಿಹಾಸವನ್ನು ನಮ್ಮ ಸಂಘದ ಬಂಧುಗಳು ತಿಳಿದಿರಬೇಕೆಂದು ಈ ಬರಹ.

ಬಾನುಲಿಯ ಸಾಹಸ ಕನ್ನಡಿಗರಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದುದೂ ಅಲ್ಲಿಂದಲೇ. ಅನಂತರದ ದಶಕಗಳಲ್ಲಿ ಪ್ರಸಾರವೆಲ್ಲ ಸರ್ಕಾರದ ಸ್ವಾಮ್ಯವಾಯಿತು. 1885ರ ಟೆಲಿಗ್ರಾಫ್ ಕಾಯಿದೆಯಂತೆ ಪರವಾನಗಿಯಿಲ್ಲದೆ ಯಾರೂ ಬಾನುಲಿ ನಡೆಸುವಂತಿರಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ವ್ಯಾಜ್ಯ ಹುಟ್ಟಿದ್ದು ಮಾತ್ರ ಕ್ರಿಕೆಟ್ ಪಂದ್ಯಗಳ ಪ್ರಸಾರದ ವಿಷಯದಲ್ಲಿ! ಮರುವರ್ಷ ಬೆಂಗಳೂರಿನ 'ವಾಯ್ಸಸ್' ಸಂಸ್ಥೆ ಸಭೆ ಕರೆದು, ಸಮುದಾಯಗಳಿಗೂ ಬಾನುಲಿಯ ಹಕ್ಕು ಬೇಕೆಂಬ ಘೋಷಣೆಯನ್ನು ಹೊರಡಿಸಿತು. 2001ರ ಜುಲೈಯಲ್ಲಿ ಬೆಂಗಳೂರಿಗೆ ಖಾಸಗಿ ಎಫ್.ಎಂ. ಬಂದಿತು. ವರ್ತಕರಿಗೆ ಒದಗಿದ ಆಕಾಶ ಹಳ್ಳಿಗೆ ಒದಗಲಿಲ್ಲ.

ಅದೇ 2001ರಲ್ಲಿ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಹುಟ್ಟಿತು. ವಾಯ್ಸಸ್ ಜೊತೆಗೆ ಕೈಗೂಡಿಸಿದವರು ಮೈರಾಡ ಮತ್ತು ಯುನೆಸ್ಕೊ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಮೈರಾಡ ಆ ವೇಳೆಗೆ ಗ್ರಾಮಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟಿತ್ತು. ಆ ಹೆಂಗಸರೇ ಕಾರ್ಯಕ್ರಮಗಳ ಬೆನ್ನೆಲುಬಾದರು. ಆಕಾಶ ಮುಚ್ಚಿತ್ತಲ್ಲ, ಮೊದಲು ಧ್ವನಿಯನ್ನು ಕ್ಯಾಸೆಟ್ಟಿಗೆ ಇಳಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು, ಧ್ವನಿವರ್ಧಕದಲ್ಲಿ ಹಾಕಿದರು. ಬಳಿಕ ಕಂಡ ಉಪಾಯ ಬಲು ಸರಳ: ಮನೆಮನೆಗೆ ಟಿ.ವಿ.ಯ ಕೇಬಲ್ ತಂತಿ ಹೋಗಿಯೇ ಇದೆ, ಅದರಲ್ಲೇ ಮಾತನ್ನೂ ಕಳುಹಿಸಬಾರದೇಕೆ? ಗಾಳಿಯಲ್ಲಿ ಹೋಗಬಾರದ ಮಾತು ಹೀಗೆ ತಂತಿಯ ಮೇಲೆ ಹೋಯಿತು. ಯುನೆಸ್ಕೊ ನೆರವಿನಿಂದ ಗಣಕಯಂತ್ರಗಳೂ ಅಂತರಜಾಲವೂ ಬಂದಾಗ, ಅಲ್ಲಿ ದೊರೆತ ಕೃಷಿ, ಆರೋಗ್ಯದ ಮಾಹಿತಿಯನ್ನು ಊರಿನ ಮಾತಿಗೆ ತಂದು ಕೇಳಿಸತೊಡಗಿದರು. ಅಂತರಜಾಲದ ಸಂಪರ್ಕ ಒಂದೇ ಕೊಠಡಿಗೆ. ಕೇಳುವ ಕಿವಿಗಳು ಊರಿಗೆಲ್ಲ. ಪುದುಚೇರಿಯ ಮೀನುಗಾರರ ಊರಾದ ವೀರಾಂಪಟ್ಟಿಣಂನಲ್ಲಿಯೂ ಸ್ವಾಮಿನಾಥನ್ ಪ್ರತಿಷ್ಠಾನದವರು ಅಮೆರಿಕದ ನೌಕಾಪಡೆ ಅಂತರಜಾಲದಲ್ಲಿ ನೀಡುತ್ತಿದ್ದ ಅಲೆಗಳ ಎತ್ತರದ ಮುನ್ಸೂಚನೆಯನ್ನು ಪಡೆದು, ಧ್ವನಿವರ್ಧಕದಲ್ಲಿ ತಮಿಳಿನಲ್ಲಿ ಸಾರುತ್ತಿದ್ದರು.

ಈ ಊರಿನ ಮಾತಿನ ಬೆಲೆ ನಮಗೆ ಅನುಭವದಿಂದ ಗೊತ್ತು. ಗಡಿಭಾಗದ ಕನ್ನಡ ಶಾಲೆಯಲ್ಲಿ ನಾವು ಪಾಠ ಹೇಳುತ್ತಿದ್ದಾಗ ಪಠ್ಯಪುಸ್ತಕಗಳು ಎಷ್ಟೋ ವರ್ಷ ದಸರಾ ಕಳೆದ ಮೇಲೆ ಬಂದದ್ದುಂಟು. ಅಲ್ಲಿಯವರೆಗೆ ಬೆಂಗಳೂರು ಆಕಾಶವಾಣಿಯೇ ನಮ್ಮ ಆಸರೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡವಾಡುವ ಮಕ್ಕಳು ರೇಡಿಯೋವನ್ನು ಸುಮ್ಮನೆ ಕೇಳುತ್ತಿದ್ದರು. ಒಬ್ಬ ಹುಡುಗ ಮಾತ್ರ ಒಮ್ಮೆ, "ಸಾರ್, ಇವರು ಯಾವೂರೋರು?" ಎಂದು ಕೇಳಿಬಿಟ್ಟ. ನಾವು ನಕ್ಕೆವು. ಆದರೆ ತಳಿಯದೋ ಬೇರಿಕೆಯದೋ ಕನ್ನಡವನ್ನು ಆ ಪೆಟ್ಟಿಗೆಯಲ್ಲಿ ಅವನು ಒಂದು ದಿನವೂ ಕೇಳಿರಲಿಲ್ಲವೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಬೂದಿಕೋಟೆಯ ತಂತಿ ಗಡಿ ದಾಟಿ ನಮ್ಮ ಕಡೆಗೆ ಬರುವಂತಿರಲಿಲ್ಲ. ತರಂಗಕ್ಕೆ ಆ ಕಟ್ಟು ಇಲ್ಲ. 2006ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. 2008ರಲ್ಲಿ ಆಂಧ್ರದ ಪಸ್ತಾಪುರದ ಬಡ ರೈತಮಹಿಳೆಯರು 'ಸಂಘಂ ರೇಡಿಯೋ' ನಡೆಸತೊಡಗಿದರು. ಆ ನಿಯಮಗಳನ್ನು ನಾವು ಓದಿ ನೋಡಿದ್ದೇವೆ. ಪ್ರೇಷಕದ ಶಕ್ತಿ 100 ವ್ಯಾಟ್. ಸುತ್ತಮುತ್ತಲ ಹತ್ತಾರು ಹಳ್ಳಿಗೆ ಅಷ್ಟು ಸಾಕು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಭಾಗ ಸ್ಥಳದಲ್ಲೇ ತಯಾರಾಗಬೇಕು, ಸಾಧ್ಯವಾದಷ್ಟೂ ಸ್ಥಳದ ಭಾಷೆ, ಆಡುನುಡಿಗಳಲ್ಲಿರಬೇಕು. ಅರ್ಜಿ ಸಲ್ಲಿಸುವ ಸಂಸ್ಥೆ ನೋಂದಾಯಿತವಾಗಿದ್ದು ಸ್ಥಳೀಯರಿಗೆ ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿರಬೇಕು. ನಮ್ಮ ಸಂಘಕ್ಕೆ ಮೂರಕ್ಕಿಂತ ಹೆಚ್ಚೇ ವರ್ಷಗಳಾಗಿವೆ.