ಹಿಮ್ಮಡಿ ನರ ಹರಿದರೆ: ಮತ್ತೆ ಅಂಗಳಕ್ಕೆ ಇಳಿಯುವುದು ಯಾವಾಗ?

ಕೊಯಮತ್ತೂರು: ಪೊಂಗಲ್ ಬಂತೆಂದರೆ ಅನ್ನೂರು, ಅವಿನಾಶಿ, ಪಲ್ಲಡಂ, ಉಡುಮಲೆ ಕಡೆಯ ಊರುಗಳಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯಗಳು ಶುರು. ವರ್ಷವಿಡೀ ಮಗ್ಗದ ಮುಂದೆಯೋ ಬನಿಯನ್ ಕಂಪನಿಯಲ್ಲೋ ಕೂತು ದುಡಿದ ಮೂವತ್ತು, ನಲವತ್ತರ ಗಂಡಸರು ಆ ದಿನ ಲುಂಗಿ ಬಿಚ್ಚಿಟ್ಟು ಚಡ್ಡಿ ತೊಟ್ಟು ಅಂಗಳಕ್ಕೆ ಇಳಿಯುತ್ತಾರೆ. ರೈಡ್‌ಗೆ ಹೋದವನು ಸರಕ್ಕನೆ ತಿರುಗಿ ಓಡಲು ಕಾಲೂರುತ್ತಾನೆ, 'ಟಪ್' ಎಂದು ಸದ್ದು. ಹಿಂದಿನಿಂದ ಯಾರೋ ಒದ್ದರೆಂದು ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಹರಿದಿರುವುದು ಅವನದೇ ಹಿಮ್ಮಡಿ ನರ.

ನರ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ, ತಮಿಳಿನಲ್ಲೂ 'ನರಂಬು' ಎನ್ನುತ್ತಾರೆ. ನಿಜಕ್ಕೂ ಇದು ನರವಲ್ಲ, ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹಗ್ಗ. ಕನ್ನಡದಲ್ಲಿ ಸ್ನಾಯುರಜ್ಜು, ತಮಿಳಿನಲ್ಲಿ ತಸೈನಾಣ್, ಡಾಕ್ಟರ ಬಾಯಲ್ಲಿ ಟೆಂಡನ್. ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ಅಕಿಲಿಸ್ ಟೆಂಡನ್ ದೇಹದಲ್ಲೇ ಅತಿ ದಪ್ಪನೆಯದು. ತುದಿಗಾಲಲ್ಲಿ ನಿಲ್ಲುವುದು, ಓಡುವುದು, ಹಾರುವುದು ಎಲ್ಲವೂ ಇದರ ಬಲದಿಂದಲೇ.

ಆಡಿದವರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ನೆಲಮಟ್ಟದ ಕಕ್ಕಸಿನಲ್ಲಿ ಕಾಲು ಜಾರಿ, ಒಡೆದ ಪಿಂಗಾಣಿಯ ಅಂಚು ತಗುಲಿ ಹಿಮ್ಮಡಿ ಹಗ್ಗ ಕತ್ತರಿಸಿಹೋದವರು ನಮ್ಮ ದೇಶದ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಸಿಪ್ರೋಫ್ಲಾಕ್ಸಸಿನ್ ಜಾತಿಯ ಮಾತ್ರೆಗಳಿಂದ ಟೆಂಡನ್ ಹರಿಯುವ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ಇಲಾಖೆ 2008ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಮೊದಲ ದಿನದ ತಪ್ಪು

ಸದ್ದಾದ ಮರುಕ್ಷಣ ನೋವು ಇರುತ್ತದೆ, ಆಮೇಲೆ ಇಳಿದುಬಿಡುತ್ತದೆ. ಕುಂಟಿಕೊಂಡು ನಡೆಯಲೂ ಆಗುತ್ತದೆ, ಪಾದ ಸ್ವಲ್ಪ ಕೆಳಕ್ಕೆ ಒತ್ತಲೂ ಆಗುತ್ತದೆ, ಏಕೆಂದರೆ ಬೇರೆ ಸಣ್ಣ ಹಗ್ಗಗಳು ಕೆಲಸ ಮಾಡುತ್ತಿರುತ್ತವೆ. ಎಕ್ಸ್‌ರೇ ತೆಗೆದರೆ ಎಲುಬು ಚೆನ್ನಾಗಿಯೇ ಕಾಣುತ್ತದೆ. ಹೀಗಾಗಿ 'ಉಳುಕು' ಎಂದು ಎಣ್ಣೆ ತಿಕ್ಕಿಸಿ, ಕಟ್ಟು ಕಟ್ಟಿಸಿಕೊಂಡು ತಿಂಗಳು ಕಳೆಯುವವರು ಬಹಳ. ಅಷ್ಟರಲ್ಲಿ ಹರಿದ ಎರಡು ತುದಿಗಳು ದೂರ ಸರಿದು, ನಡುವೆ ಗಾಯದ ಸಡಿಲ ಮಾಂಸ ತುಂಬಿಕೊಳ್ಳುತ್ತದೆ. ಆಮೇಲಿನ ಆಪರೇಷನ್ ದೊಡ್ಡದು, ಫಲ ಕಡಿಮೆ.

ಪತ್ತೆ ಮಾಡುವ ಉಪಾಯ ಸುಲಭ. ಮಂಚದ ಮೇಲೆ ಬೋರಲಾಗಿ ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗಿರಲಿ. ಮೀನಖಂಡವನ್ನು ಕೈಯಿಂದ ಹಿಸುಕಿ. ಹಗ್ಗ ಸರಿಯಿದ್ದರೆ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಹರಿದಿದ್ದರೆ ಅಲುಗದು. ಅನುಮಾನವಿದ್ದರೆ ಅದೇ ದಿನ ಮೂಳೆ ಡಾಕ್ಟರ ಹತ್ತಿರ ಹೋಗಿ. ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ತಿರುಪ್ಪೂರಿನಲ್ಲೂ 2022ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾಗಿದೆ. ಮೂಳೆ ಚಿಕಿತ್ಸೆಗೆ ಹೆಸರಾದ ಗಂಗಾ ಆಸ್ಪತ್ರೆ ಇರುವುದೂ ಕೊಯಮತ್ತೂರಿನಲ್ಲೇ. ದೂರದ ಊರಿಗೆ ಓಡಬೇಕಾಗಿಲ್ಲ.

ಕುಯ್ಯಿಸಬೇಕೇ, ಬೇಡವೇ?

ಇದಕ್ಕೆ ಒಂದೇ ಉತ್ತರವಿಲ್ಲ. ನಾರ್ವೆಯಲ್ಲಿ 526 ರೋಗಿಗಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಮೇಲೆ ನೋಡಿದರೆ, ಆಪರೇಷನ್ ಆದವರೂ ಬರೀ ಕಟ್ಟು, ಬೂಟಿನಲ್ಲಿ ವಾಸಿಯಾದವರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದರು. ಆದರೆ ಆಪರೇಷನ್ ಇಲ್ಲದವರಲ್ಲಿ ನೂರಕ್ಕೆ 6 ಮಂದಿಗೆ ಮತ್ತೆ ಹರಿಯಿತು, ಆಪರೇಷನ್ ಆದವರಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ. ಅತ್ತ ಆಪರೇಷನ್ ಆದವರಲ್ಲಿ (ನಿಜವಾದ) ನರಕ್ಕೆ ಪೆಟ್ಟಾದವರು ಹೆಚ್ಚು. ಮತ್ತೆ ಕಬಡ್ಡಿ ಆಡಲೇಬೇಕೆನ್ನುವ ಹುಡುಗನಿಗೆ ಹೊಲಿಗೆ ಮೇಲು, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಬೂಟೇ ಸಾಕು ಎಂಬುದು ನಮ್ಮ ಅನಿಸಿಕೆ. ತೀರ್ಮಾನ ಮಾತ್ರ ನಿಮ್ಮ ಡಾಕ್ಟರದು.

ನೋವಿಲ್ಲ ಎಂದರೆ ವಾಸಿಯಾಯಿತೇ?

ಎಲ್ಲರೂ ಎಡವುವುದು ಇಲ್ಲೇ. ಟೆಂಡನ್‌ನಲ್ಲಿ ನೋವು ಮೊದಲು ಹೋಗುತ್ತದೆ, ಬಲ ಬರುವುದು ಬಹಳ ತಡವಾಗಿ. ಇವೆರಡರ ನಡುವಿನ ತಿಂಗಳುಗಳೇ ಅಪಾಯದವು.

ಲೆಕ್ಕಕ್ಕಾಗಿ ಪೊಂಗಲ್ ದಿನವೇ ಹರಿಯಿತು ಎಂದಿಟ್ಟುಕೊಳ್ಳಿ. ಮೊದಲ ಒಂದೆರಡು ವಾರ ಬೆರಳ ತುದಿ ಕೆಳಗೆ ಮಾಡಿ ಕಟ್ಟು ಹಾಕುತ್ತಾರೆ. ನಂತರ ಹಿಮ್ಮಡಿಯಡಿ ಬೆಣೆ ಇಟ್ಟ ಬೂಟು, ಅದರಲ್ಲೇ ಊರಿ ನಡೆಯಲು ಈಗಿನ ಡಾಕ್ಟರರು ಬೇಗನೆ ಬಿಡುತ್ತಾರೆ. ಬೆಣೆಗಳನ್ನು ಒಂದೊಂದಾಗಿ ತೆಗೆದು, ಯುಗಾದಿಯ ಹೊತ್ತಿಗೆ ಬೂಟು ಬಿಡಿಸುತ್ತಾರೆ. ಈ ಅವಧಿಯಲ್ಲಿ ಮೀನಖಂಡ ಊದಿ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು.

ಬೂಟು ಬಿಟ್ಟ ಮೇಲೆ ಪಾದವನ್ನು ಮೇಲಕ್ಕೆ ಎಳೆದು ಹಿಗ್ಗಿಸಬೇಡಿ. ಹೊಸ ಹಗ್ಗ ಎಳೆದಷ್ಟೂ ಉದ್ದವಾಗುತ್ತದೆ, ಉದ್ದವಾದ ಹಗ್ಗಕ್ಕೆ ಬಿಗಿ ಇರದು, ಆಮೇಲೆ ತುದಿಗಾಲಲ್ಲಿ ನಿಲ್ಲಲಾಗದು. ಕುಕ್ಕರಗಾಲಲ್ಲಿ ಕೂರುವುದು ಸಹ ಇದೇ ಎಳೆತ. ಹಾಗಾಗಿ ಮೊದಲ ಮೂರು ತಿಂಗಳು ಕಮೋಡ್ ಕುರ್ಚಿ ಇಟ್ಟುಕೊಳ್ಳಿ. ಬೈಕಿಗೆ ಕಿಕ್ ಹೊಡೆಯುವುದು, ಕುಣಿಮಗ್ಗದ ಕಾಲುಮಣೆ ತುಳಿಯುವುದು ಫಿಸಿಯೋಥೆರಪಿಯವರನ್ನು ಕೇಳಿದ ಮೇಲೆಯೇ.

ಚಿತ್ತಿರೈ ಒಂದಕ್ಕೆ ಮೂರು ತಿಂಗಳು ತುಂಬುತ್ತದೆ. ಇಎಸ್ಐ ಇರುವ ಕಾರ್ಮಿಕರು ಇಲ್ಲಿ ಗಮನಿಸಬೇಕು. ಆಟದಲ್ಲಾದ ಗಾಯಕ್ಕೆ ಸಿಗುವುದು ಕಾಯಿಲೆ ರಜೆಯ ಭತ್ಯೆ: ಚಂದಾ ದಿನಗಳು ಸರಿಯಿದ್ದರೆ ಕೂಲಿಯ ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅಂದರೆ ದುಡ್ಡು ನಿಲ್ಲುವ ದಿನವೂ ಹಗ್ಗ ಅರೆಬರೆ ಇರುವ ದಿನವೂ ಒಂದೇ. ಆ ಒತ್ತಡಕ್ಕೆ ಸಿಕ್ಕಿ ಮೂಟೆ ಹೊರಲು ಹೋಗದೆ, ಕೂತು ಮಾಡುವ ಕೆಲಸವನ್ನು ಮೊದಲೇ ಕೇಳಿ ಇಟ್ಟುಕೊಳ್ಳುವುದು ಲೇಸು. ಮುಖ್ಯಮಂತ್ರಿ ವಿಮಾ ಕಾರ್ಡ್ ಇದ್ದರೆ ಆಸ್ಪತ್ರೆಗೆ ಸೇರುವ ಮೊದಲೇ ಅಲ್ಲಿನ ವಿಮೆ ಕೌಂಟರಿನಲ್ಲಿ ವಿಚಾರಿಸಿ.

ಇನ್ನು ಬಲ. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಅದು ಸಲೀಸಾದ ಮೇಲೆ ಒಂದೇ ಕಾಲಲ್ಲಿ ಎತ್ತುವುದು. ಕಾಸು ಖರ್ಚಿಲ್ಲದ ವ್ಯಾಯಾಮ, ಆದರೆ ಬೇಸರದ್ದು, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಸರಿಯಾದ ಕಾಲಲ್ಲಿ 25 ಸಲ ಎತ್ತುವವನು ಹರಿದ ಕಾಲಲ್ಲಿ 22, 23 ಸಲವಾದರೂ, ಅಷ್ಟೇ ಎತ್ತರಕ್ಕೆ ಎತ್ತಬೇಕು. ಕ್ಯಾಲೆಂಡರ್ ಏನೇ ಹೇಳಲಿ, ಇದು ಆಗದೆ ಅಂಗಳವಿಲ್ಲ.

ದೊಡ್ಡ ಆಟಗಾರರ ಲೆಕ್ಕ ಬೇರೆ

ನಮ್ಮ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಕ್ನೋದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಯ ಟೆಂಡನ್ ಕಿತ್ತುಕೊಂಡರು. ಆಪರೇಷನ್ ಆಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಬೆವರು ಸುರಿಸಿ, ಸೆಪ್ಟೆಂಬರ್‌ನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 111 ಹೊಡೆದರು. ನಾರ್ವೆಯ ಹಿಮಜಾರಾಟಗಾರ ಆಕ್ಸೆಲ್ ಲುಂಡ್ ಸ್ವಿಂಡಾಲ್ 2014ರ ಅಕ್ಟೋಬರ್‌ನಲ್ಲಿ ಫುಟ್‌ಬಾಲ್ ಒದೆಯಲು ಹೋಗಿ ಅಕಿಲಿಸ್ ಹರಿದುಕೊಂಡವರು, 2015ರ ಫೆಬ್ರವರಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಹಿಮದ ಮೇಲಿದ್ದರು. 2018ರಲ್ಲಿ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದರು.

ಇಬ್ಬರದೂ ನಾಲ್ಕೇ ತಿಂಗಳು. ಆದರೆ ಹಗಲೆಲ್ಲ ಪಕ್ಕದಲ್ಲೇ ಫಿಸಿಯೋ ಇದ್ದವರು ಅವರು. ಅದೂ ಅಲ್ಲದೆ ಸ್ಕೀ ಬೂಟು ಕಣಕಾಲನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕಬಡ್ಡಿಯವನದು ಬರಿಗಾಲು. ಅವರ ತಿಂಗಳನ್ನು ನಮ್ಮ ಹುಡುಗರು ಎಣಿಸಬಾರದು.

ನಮ್ಮ ಲೆಕ್ಕದಲ್ಲಿ, ಬಲ ಬಂದಿದ್ದರೆ ಆಡಿ ತಿಂಗಳ ಹೊತ್ತಿಗೆ ನೇರ ದಾರಿಯಲ್ಲಿ ಮೆಲ್ಲಗೆ ಓಟ. ಆಮೇಲೆ ಎರಡು ಕಾಲಲ್ಲಿ ಹಾರುವುದು, ಒಂದು ಕಾಲಲ್ಲಿ ಹಾರುವುದು, ತಿರುಗಿ ಓಡುವುದು. ಆಯುಧ ಪೂಜೆ ಕಳೆದ ಮೇಲೆ ಗೆಳೆಯರ ಜೊತೆ ಅಭ್ಯಾಸ, ಹಿಡಿತವಿಲ್ಲದೆ ಮುಟ್ಟಾಟ ಮಾತ್ರ. ಹೀಗೆ ಬಂದವನು ಮುಂದಿನ ಪೊಂಗಲ್‌ಗೆ ರೈಡ್ ಹೋಗಬಹುದು. ಗಾಯಗೊಂಡ ಐವರಲ್ಲಿ ಸುಮಾರು ನಾಲ್ವರು ಯಾವುದಾದರೊಂದು ಆಟಕ್ಕೆ ಮರಳುತ್ತಾರೆ ಎನ್ನುತ್ತವೆ ಅಧ್ಯಯನಗಳು. ಮರಳಿದವರಲ್ಲೂ ಮೀನಖಂಡ ಮೊದಲಿನಷ್ಟು ದಪ್ಪ ಬರದೆ ಉಳಿಯುವುದುಂಟು, ಅದಕ್ಕೆ ಗಾಬರಿ ಬೇಡ. ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಮಾತ್ರ ಅಂಗಳಕ್ಕೆ ಮರಳಿದ ಮೇಲೂ ವಾರಕ್ಕೆ ಮೂರು ದಿನ, ಎರಡೂ ಕಾಲಿಗೆ ಮಾಡುತ್ತಿರಿ.