ಉಸಿರಿನ ನಳಿಕೆ ತೊಳೆದ ಕಥೆ

ಉಪ್ಪಿನಕಾಯಿ ಭರಣಿಯನ್ನು ತೊಳೆದ ಮೇಲೆ ಬಿಸಿಲಿಗೆ ಬೋರಲು ಹಾಕದೆ ನಿಮ್ಮ ಮನೆಯ ಹಿರಿಯರು ಬಿಟ್ಟಾರೆಯೇ? ಒಂದು ಹನಿ ನೀರುಳಿದರೂ ಬೂಷ್ಟು ಹಿಡಿಯುವುದೆಂದು ಅವರು ಬಲ್ಲರು. ಇಷ್ಟು ಸಣ್ಣ ವಿಷಯವನ್ನು ದೊಡ್ಡ ಆಸ್ಪತ್ರೆಗಳು ಉಸಿರಾಟದ ಉಪಕರಣಗಳ ಮಟ್ಟಿಗೆ ತಡವಾಗಿ, ಬಹಳ ಬೆಲೆ ತೆತ್ತು ಕಲಿತವು.

1880ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಜೋಸೆಫ್ ಓಡ್ವೈಯರ್ ಅವರು ಗಂಟಲಮಾರಿಯಿಂದ ಉಸಿರುಕಟ್ಟಿದ ಮಕ್ಕಳ ಗಂಟಲಿಗೆ ಲೋಹದ ಪುಟ್ಟ ನಳಿಕೆಯನ್ನಿಳಿಸಿ ಹಲವರನ್ನು ಬದುಕಿಸಿದರು. ಲೋಹವನ್ನು ಎಷ್ಟು ಬೇಕಾದರೂ ಕುದಿಸಬಹುದು. ಮೊದಲ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಮ್ಯಾಗಿಲ್ ಅವರು ಬಳಕೆಗೆ ತಂದ ರಬ್ಬರು ನಳಿಕೆ ರೋಗಿಗೆ ಹಿತವಾಗಿತ್ತು. ಆದರೆ ಪದೇಪದೇ ಕುದಿಸಿದರೆ ರಬ್ಬರು ಕೆಡುತ್ತದೆ. ಆಮೇಲೆ ಉಸಿರಾಡಿಸುವ ಯಂತ್ರಗಳು ಬಂದವು. ಅವುಗಳ ಜೊತೆಗೆ, ನೀರನ್ನೂ ಔಷಧವನ್ನೂ ಮಂಜಿನಂತೆ ಮಾಡಿ ಶ್ವಾಸಕೋಶಕ್ಕೆ ಕಳಿಸುವ ನೆಬ್ಯುಲೈಜರುಗಳೂ ಬಂದವು.

ಮೋಸ ಇದ್ದದ್ದು ಆ ಮಂಜಿನಲ್ಲಿಯೇ. ಶ್ವಾಸಕೋಶವನ್ನೇ ಕೊಳೆಸುವ ಒಂದು ಬಗೆಯ ನ್ಯುಮೋನಿಯಾ ಆಸ್ಪತ್ರೆಯಲ್ಲಿದ್ದ ರೋಗಿಗಳಲ್ಲಿ ಹೆಚ್ಚತೊಡಗಿತ್ತು. ಅಮೆರಿಕದ ಡಲ್ಲಾಸ್ ನಗರದಲ್ಲಿ ರೈನಾರ್ಜ್, ಪಿಯರ್ಸ್, ಸ್ಯಾನ್‌ಫರ್ಡ್ ಮೊದಲಾದ ವೈದ್ಯರು ಯಂತ್ರದಿಂದ ಹೊರಬರುವ ಗಾಳಿಯನ್ನೇ ಪರೀಕ್ಷಿಸಿ 1965ರಲ್ಲಿ ವರದಿ ಪ್ರಕಟಿಸಿದರು. ನೆಬ್ಯುಲೈಜರಿನ ಬಟ್ಟಲಲ್ಲಿ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆದಿದ್ದವು. ಮಂಜಿನ ಕಣಗಳು ಎಷ್ಟು ಸಣ್ಣವೆಂದರೆ, ಮೂಗು ಗಂಟಲುಗಳ ಕಾವಲನ್ನು ದಾಟಿ ನೇರವಾಗಿ ಶ್ವಾಸಕೋಶದ ಆಳವನ್ನು ಸೇರುತ್ತಿದ್ದವು. ಬದುಕಿಸಲು ತಂದ ಯಂತ್ರವೇ ಹೀಗೆ ರೋಗವನ್ನು ಬಡಿಸುತ್ತಿತ್ತು! ಅವರು ಕಂಡುಕೊಂಡ ಉಪಾಯ ನಿಮಗೆ ನಗು ತರಿಸೀತು: ನೂರಕ್ಕೆ ಕಾಲು ಪಾಲಿನಷ್ಟು ಅಸಿಟಿಕ್ ಆಮ್ಲದ ದ್ರವವನ್ನು ಅದೇ ಯಂತ್ರದಲ್ಲಿ ಹಾಯಿಸುವುದು. ಅಡಿಗೆಮನೆಯ ವಿನಿಗರ್ ಇದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಕಟುವಾದುದು. ಈ ಶುದ್ಧಿಯಿಂದ ಆ ನ್ಯುಮೋನಿಯಾ ಇಳಿಮುಖವಾಯಿತೆಂದು 1970ರ ವರದಿ ತಿಳಿಸಿತು.

ಇದೇ ಕಾಲದಲ್ಲಿ ಅರ್ಲ್ ಸ್ಪಾಲ್ಡಿಂಗ್ ಎಂಬ ವಿದ್ವಾಂಸರು ಉಪಕರಣಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿದರು. ಮೈಯೊಳಗೆ ಚುಚ್ಚಿಹೋಗುವಂಥವು ಮೊದಲನೆಯವು, ಬರಿಯ ಚರ್ಮವನ್ನು ಮುಟ್ಟುವಂಥವು ಕೊನೆಯವು. ಗಂಟಲಿನ ಲೋಳೆಪೊರೆಯನ್ನು ಮುಟ್ಟುವ ನಳಿಕೆ, ಲ್ಯಾರಿಂಗೋಸ್ಕೋಪಿನ ಅಲಗು ಇವು ನಡುವಿನವು. ಇವಕ್ಕೆ ಬಲವಾದ ರೋಗಾಣುನಾಶಕವೇ ಬೇಕು. ಆದರೆ ಅದಕ್ಕೂ ಮುಂಚೆ ಕುಂಚದಿಂದ ಉಜ್ಜಿ ತೊಳೆಯಬೇಕು. ಒಣಗಿದ ಲೋಳೆಯ ಅಡಿಯಲ್ಲಿ ಅಡಗಿದ ರೋಗಾಣುವನ್ನು ಎಂಥ ಔಷಧವೂ ಮುಟ್ಟಲಾರದು. ತೊಳೆದದ್ದನ್ನು ಒಣಗಿಸಬೇಕೆಂಬುದು ನಿಮ್ಮ ಭರಣಿಯ ನ್ಯಾಯವೇ.

ಇಷ್ಟು ತಿಳಿದ ಮೇಲೂ, 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಶುದ್ಧವೆಂದು ಎತ್ತಿಟ್ಟಿದ್ದ ಲ್ಯಾರಿಂಗೋಸ್ಕೋಪುಗಳಲ್ಲಿಯೇ ಕಣ್ಣಿಗೆ ಕಾಣದ ರಕ್ತದ ಗುರುತು ಸಿಕ್ಕಿತು. ಅದೂ ಗಂಟಲಿಗಿಳಿಯುವ ಅಲಗಿಗಿಂತ, ಕೈಯಲ್ಲಿ ಹಿಡಿಯುವ ಹಿಡಿಕೆಯಲ್ಲಿಯೇ ಹೆಚ್ಚು.